ಮೆದೆಯ ಬಳಿ ಆಡದ ಮಾತು

ತಿಗನಾರೆಯ ಕಡೆ ಹುಲ್ಲುಮೆದೆಯ ಹತ್ತಿರ ನಿಂತವರು ಬೆಂಕಿ ಅನ್ನುವ ಮಾತನ್ನು ಬಾಯಿಗೆ ತರುವುದಿಲ್ಲ. ಬೀಡಿ ಸೇದಬೇಕೆನಿಸಿದರೆ ಇಪ್ಪತ್ತು ಹೆಜ್ಜೆ ಆಚೆ ಹೋಗಿ, ಮೆದೆಗೆ ಬೆನ್ನು ಮಾಡಿ ನಿಂತು, ಅಲ್ಲಿ ಕಡ್ಡಿಪೊಟ್ಟಣ ಕೇಳುತ್ತಾರೆ. ಹೇಳಲೇಬೇಕಾಗಿ ಬಂದರೆ ಕೆಂಪವ್ವ ಅನ್ನುತ್ತಾರೆ. ಅದೂ ಮೆಲ್ಲಗೆ, ಪಕ್ಕದ ಕೋಣೆಯಲ್ಲಿ ಮಲಗಿರುವ ಅತ್ತೆಯ ಹೆಸರು ಹೇಳಿದ ಹಾಗೆ. ಕರೆದರೆ ಬರುತ್ತಾಳೆ, ಅದಕ್ಕೇ ಕರೆಯಬಾರದು ಅನ್ನುವುದು ಹಿರಿಯರ ಮಾತು.

ಈ ಕಟ್ಟಳೆಯನ್ನು ಬುದ್ಧಿ ಬಂದಾಗಿನಿಂದ ತಪ್ಪದೆ ನಡೆಸಿಕೊಂಡು ಬಂದವನು ಕಾಳ. ಊರಲ್ಲಿ ಕಾಳ ಅನ್ನುವ ಹೆಸರಿನವರು ನಾಲ್ವರಿದ್ದಾರೆ, ಇವನು ಮೆದೆಕಾಳ. ಏಳು ವರ್ಷದ ಹುಡುಗನಾಗಿದ್ದಾಗ ಒಂದು ಸಲ ಹೊಲದ ಒಡೆಯರಾದ ಮಹದೇವಪ್ಪನವರ ಮನೆಯ ಕಣದಲ್ಲಿ ಮೆದೆಯ ಮೇಲೆ ಕುಣಿಯುತ್ತ ಆ ಮಾತನ್ನು ಹಾಡಿನಂತೆ ಕೂಗಿದ್ದ. ಅವನಪ್ಪ ಕಾಲು ಹಿಡಿದು ಕೆಳಕ್ಕೆ ಎಳೆದು ಕೆನ್ನೆಗೆ ಬಿಟ್ಟ ಏಟಿಗೆ ಒಂದು ಹಾಲುಹಲ್ಲು ಹುಲ್ಲಿನಲ್ಲಿ ಬಿತ್ತು. ಹಲ್ಲು ಹುಡುಕಿ ತೆಗೆಯುವವರೆಗೂ ಅಪ್ಪ ಉಣ್ಣಲಿಲ್ಲ. ಮೆದೆಯೊಳಗೆ ಮನುಷ್ಯರದ್ದು ಏನೂ ಉಳಿಯಬಾರದು.

ಅಪ್ಪನಿಂದ ಕಾಳ ಕಲಿತದ್ದು ಮೂರು ಸಂಗತಿ ಅಂತ ಅವನೇ ಹೇಳುತ್ತಾನೆ, ಎಣಿಸಿದರೆ ಐದಾರಾಗುತ್ತವೆ. ನೆಲಕ್ಕೆ ಮೊದಲು ಮುಳ್ಳುಕಂಟಿ ಹಾಸಬೇಕು, ಹುಲ್ಲು ಮಣ್ಣು ಮುಟ್ಟಬಾರದು. ನಡುವೆ ಒಂದು ಹೊಟ್ಟಿನ ಮೂಟೆ ನಿಲ್ಲಿಸಿ ಅದರ ಸುತ್ತ ಒಟ್ಟುತ್ತ ಹೋಗಬೇಕು. ಮೆದೆ ಏರಿದಂತೆ ಮೂಟೆಯನ್ನೂ ಮೇಲಕ್ಕೆ ಎಳೆದುಕೊಳ್ಳುತ್ತ ಬಂದರೆ ಬುಡದಿಂದ ನೆತ್ತಿಯವರೆಗೆ ಒಂದು ಕೊಳವೆ ಉಳಿಯುತ್ತದೆ. ಅದು ಉಸಿರುಗಂಡಿ. ಹುಲ್ಲು ಕೊಯ್ದ ಮೇಲೂ ಬದುಕಿರುತ್ತದೆ, ಬದುಕಿರುವುದು ಉಸಿರಾಡಬೇಕು, ಉಸಿರು ಕಟ್ಟಿದರೆ ಅದಕ್ಕೆ ಜ್ವರ ಬರುತ್ತದೆ. ಆ ಜ್ವರ ನೋಡುವುದಕ್ಕೆ ಅವನ ಹತ್ತಿರ ಒಂದು ಆಳುದ್ದದ ಕಬ್ಬಿಣದ ಕಂಬಿ ಇತ್ತು. ಮೆದೆ ಮುಗಿದ ದಿನ ಅದನ್ನು ಹೊಟ್ಟೆಗೆ ಚುಚ್ಚಿ ಬಿಡುತ್ತಿದ್ದ. ಮರುದಿನ ಎಳೆದು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದ. ಕೈಗೆ ಗೊತ್ತಾಗುವುದಿಲ್ಲ, ದುಡಿದ ಕೈ ಸುಳ್ಳು ಹೇಳುತ್ತದೆ, ಕೆನ್ನೆ ಹೇಳುವುದಿಲ್ಲ. ಹೀಗೆ ಒಂಬತ್ತು ದಿನ. ಒಂಬತ್ತನೆಯ ದಿನವೂ ಕಂಬಿ ತಣ್ಣಗೆ ಬಂದರೆ ಮಾತ್ರ ಹೊಲದ ಒಡೆಯರು ಮೊರದ ತುಂಬ ರಾಗಿ ಕೊಡುವುದು, ಇವನು ತೆಗೆದುಕೊಳ್ಳುವುದು. ಬೆಚ್ಚಗೆ ಬಂದ ಮೆದೆಗೆ ಮೊರ ಮುಟ್ಟುವ ಹಾಗಿಲ್ಲ. ಬಿಚ್ಚಿ ಒಣಗಿಸಿ ಮತ್ತೆ ಒಟ್ಟಬೇಕು. ಕಾಳ ತನ್ನ ಬಾಳಿನಲ್ಲಿ ಬಿಚ್ಚಿದ್ದು ಎರಡೇ ಮೆದೆ.

ಮೂರು ವರ್ಷದ ಹಿಂದಿನ ಮಾತು. ಊರು ಗಡಿಯ ತಮಿಳು ಸೀಮೆಗೆ ಸೇರಿದ್ದು, ಹಾಗಾಗಿ ಪಂಚಾಯಿತಿ ಕಟ್ಟಡದ ಮುಂದೆ ಶಾಮಿಯಾನ ಹಾಕಿ ಒಬ್ಬ ಅಧಿಕಾರಿ ತಮಿಳಿನಲ್ಲಿ ಮಾತಾಡಿದರು. ಅದನ್ನು ಮಹದೇವಪ್ಪನವರ ಮಗ ದಯಾನಂದ್ ಕನ್ನಡದಲ್ಲಿ ಮತ್ತೆ ಹೇಳಿದ. ಎಲ್ಲರಿಗೂ ತಮಿಳು ಬರುತ್ತಿದ್ದರೂ ಹೇಳಿದ. ಕಲ್ಲಿದ್ದಲು ಸುಡುವ ಕರೆಂಟ್ ಸ್ಥಾವರಗಳು ಇನ್ನು ಮುಂದೆ ಬರೀ ಕಲ್ಲಿದ್ದಲು ಸುಡುವ ಹಾಗಿಲ್ಲ. ನೂರರಲ್ಲಿ ಇಷ್ಟು ಪಾಲು ಹುಲ್ಲು ಕಡ್ಡಿಯ ಗುಳಿಗೆ ಬೆರೆಸಲೇಬೇಕು. ವರ್ಷ ವರ್ಷಕ್ಕೂ ಆ ಪಾಲು ಏರುತ್ತದೆ. ದೇಶ ಲೋಕದ ಮುಂದೆ ಮಾತು ಕೊಟ್ಟಿದೆ, ಆಕಾಶಕ್ಕೆ ಬಿಡುವ ಹೊಗೆ ಇಳಿಸುತ್ತೇವೆ ಅಂತ. ತಿಗನಾರೆಯ ಹತ್ತಿರ ಗುಳಿಗೆ ಒತ್ತುವ ಮಿಲ್ಲು ಬರುತ್ತದೆ, ಸರ್ಕಾರ ಅದಕ್ಕೆ ಸಹಾಯ ಕೊಡುತ್ತದೆ, ಹೊಲದಲ್ಲಿ ಬಿಸಾಡುವ ಜೋಳದ ಕಡ್ಡಿಗೆ, ಕಾಡಂಚಿನ ಲಂಟಾನಕ್ಕೆ ಬೆಲೆ ಬರುತ್ತದೆ.

ಕಾಳ ಹಿಂದಿನಿಂದ ಎದ್ದು ನಿಂತ. "ಬುದ್ಧಿ, ಅಂಗಾರೆ ದನ ಏನ್ ತಿನ್ನದು?"

ಜನ ನಕ್ಕರು. ಅಧಿಕಾರಿ ಕೇಳಿ ತಿಳಿದುಕೊಂಡು ತಾವೂ ನಕ್ಕು, ಒಳ್ಳೆಯ ಪ್ರಶ್ನೆ ಅಂದರು. ದನ ತಿಂದು ಉಳಿದದ್ದು ಮಾತ್ರ ಅಂತ ನಿಯಮದಲ್ಲೇ ಬರೆದಿದೆ ಅಂದರು.

ನಿಯಮದಲ್ಲಿ ಬರೆದಿತ್ತು ನಿಜ. ಆದರೆ ಹಿತ್ತಿಲಿಗೆ ಟ್ರ್ಯಾಕ್ಟರ್ ಬಂದು ನಿಂತಾಗ ಉಳಿದದ್ದು ಯಾವುದು, ಉಳಿಯದ್ದು ಯಾವುದು ಅಂತ ಯಾರು ನೋಡಿದರು? ಮೊದಲ ವರ್ಷ ಜೋಳದ ಕಡ್ಡಿ ಹೋಯಿತು. ಎರಡನೆಯ ವರ್ಷ ರಾಗಿಹುಲ್ಲೂ ಹೋಯಿತು. ಮೂರನೆಯ ವರ್ಷದ ಸಂಕ್ರಾಂತಿಗೆ ತಿಗನಾರೆಯ ಹಿತ್ತಿಲುಗಳು ಮುಡಿ ಕೊಟ್ಟ ತಲೆಗಳ ಹಾಗೆ ಬೋಳಾಗಿ ನಿಂತಿದ್ದವು. ಬೇಸಿಗೆಗೆ ಮಿಲ್ಲಿನವರೇ ಒಂದಿಷ್ಟು ಮೇವು ಸೋವಿಗೆ ಬಿಡುತ್ತಾರೆ ಅಂತ ಮಿಲ್ಲಿನ ಮ್ಯಾನೇಜರಾಗಿದ್ದ ದಯಾನಂದ್ ಹೇಳಿದ್ದನ್ನು ನಂಬಿ ಮೂರು ಊರಿನ ದನದ ಬಾಯಿ ಮಿಲ್ಲಿನ ಅಂಗಳಕ್ಕೆ ತಿರುಗಿತ್ತು.

ಕಾಳನಿಗೆ ಬೈಯುವುದಕ್ಕೂ ಬಾಯಿ ಇರಲಿಲ್ಲ. ಅವನ ಮಗಳು ಸರೋಜಾ ಅದೇ ಮಿಲ್ಲಿನಲ್ಲಿ ಹನ್ನೆರಡು ಹೆಂಗಸರ ಮೇಲೆ ಮೇಸ್ತ್ರಿ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಆರು ವರ್ಷ ನೂಲಿನ ಧೂಳು ಕುಡಿದು ಬಂದವಳು, ಈಗ ಊರಿನಲ್ಲೇ ನೀಲಿ ಕೋಟು ಹಾಕಿಕೊಂಡು ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ನಡೆಯುತ್ತಿದ್ದಳು. ಒಂದು ದಿನ ಅಪ್ಪನನ್ನು ಒಳಗೆ ಕರೆದುಕೊಂಡು ಹೋಗಿ ತೋರಿಸಿದ್ದಳು. ಗೋಡೆಯ ಮೇಲೆ ಅಂಗೈಯಷ್ಟು ಅಗಲದ ಕೆಂಪು ಗುಂಡಿ. "ಇದನ್ನ ಒತ್ತಿದ್ರೆ ಇಡೀ ಮಿಲ್ಲೇ ನಿಂತೋಯ್ತದೆ ಅಪ್ಪಾ. ನಾನ್ ಬುಟ್ರೆ ಇನ್ಯಾರೂ ಮುಟ್ಟಂಗಿಲ್ಲ." ಕಾಳ ಕೈ ಹಿಂದಕ್ಕೆ ಕಟ್ಟಿಕೊಂಡು ದೂರದಿಂದಲೇ ಅದನ್ನು ನೋಡಿದ, ದೇವರ ಗುಡಿಯೊಳಗೆ ನೋಡುವಂತೆ.

ಮನೆಯಲ್ಲಿ ಅವನ ಹೆಂಡತಿ ದೊಡ್ಡಮಾದಮ್ಮ ಕೇಳಿದಳು: "ಅಲ್ಲ ಕೂಸೇ, ಕಲ್ಲಿದ್ದಲು ಸುಟ್ರೂ ವಗೆ, ಉಲ್ಲು ಸುಟ್ರೂ ವಗೆ. ನಮ್ ಒಲೆ ವಗೆ ಮಾತ್ರ ಬ್ಯಾಡ ಅಂದು ಗ್ಯಾಸ್ ಕೊಟ್ರು. ಅವರ ಒಲೆಗೆ ನಮ್ ಉಲ್ಲು ಬೇಕಾ?"

"ಅಂಗಲ್ಲ ಅವ್ವ. ಉಲ್ಲು ಈ ವರ್ಷ ಕುಡುದ್ ಗಾಳಿನ ಈ ವರ್ಷವೇ ಬುಡ್ತದೆ. ಕಲ್ಲಿದ್ದಲು ಲಕ್ಷಾಂತರ ವರ್ಷದಿಂದ ನೆಲದೊಳಗೆ ಮಲಗಿದ್ದು. ಅದನ್ನ ಎಬ್ಬಿಸಿ ಬುಟ್ರೆ ಮತ್ತೆ ಒಳಕ್ಕೆ ಓಗದಿಲ್ಲ. ಅದ್ಕೇ ಮಳೆ ಇಂಗೆ ಕಾಲ ತಪ್ಪದು."

ಕಾಳ ರಾಗಿಮುದ್ದೆ ಮುರಿಯುತ್ತಿದ್ದವನು ತಲೆ ಎತ್ತಿದ. ಮಗಳು ಹೇಳಿದ್ದರಲ್ಲಿ ತಪ್ಪು ಕಾಣಲಿಲ್ಲ. ಮಲಗಿದ್ದನ್ನು ಎಬ್ಬಿಸಬಾರದು ಅನ್ನುವುದು ಅವನಿಗೆ ಗೊತ್ತಿದ್ದ ಮಾತೇ.

ಮಳೆ ಆ ವರ್ಷವೂ ಕಾಲ ತಪ್ಪಿ ಬಂತು. ಸಂಕ್ರಾಂತಿಯ ಹಿಂದಿನ ಮೂರು ದಿನ, ಕಡ್ಡಿ ಹೊಲದಲ್ಲೇ ಬಿದ್ದಿದ್ದಾಗ ಸುರಿಯಿತು. ನಾಲ್ಕನೆಯ ದಿನ ದಯಾನಂದ್ ಕಾಳನನ್ನು ಮಿಲ್ಲಿಗೆ ಕರೆಸಿದ. ಅಂಗಳದ ತುಂಬ ಟ್ರ್ಯಾಕ್ಟರುಗಳು, ಮೇಲೆ ಒದ್ದೆ ಕಡ್ಡಿ, ಅರೆದ ಲಂಟಾನ, ಕಟ್ಟು ಕಟ್ಟಿದ ರಾಗಿಹುಲ್ಲು.

"ಕಾಳಣ್ಣ, ನೀವೇ ಮುಂದೆ ನಿಂತು ಒಟ್ಟಿಸಬೇಕು. ಮುಂದಿನ ತಿಂಗಳು ದೊಡ್ಡ ಆಯ್ವು ಇದೆ, ಸರ್ಕಾರದ ಕಡೆಯಿಂದ ತಪಾಸಣೆಗೆ ಬರ್ತಾರೆ. ಅಂಗಳದಲ್ಲಿ ಇಷ್ಟು ಸಾವಿರ ಟನ್ನು ಇದೆ ಅಂತ ತೋರಿಸಲೇಬೇಕು."

"ಚಿಕ್ಕಬುದ್ಧಿ, ಇದು ಅಸಿ ಅದೆ. ಬಿಸಿಲಿಗೆ ಅರವಿ..."

"ಬುದ್ಧಿಗಿದ್ಧಿ ಅನ್ನಬೇಡಿ ಅಂತ ಎಷ್ಟು ಸಲ ಹೇಳೋದು? ಸಾರ್ ಅನ್ನಿ ಸಾಕು. ಹರವೋದಕ್ಕೆ ಜಾಗ ಎಲ್ಲಿದೆ ಹೇಳಿ?"

"ಅಂಗಾರೆ ಸಾರ್, ಉಸಿರುಗಂಡಿ ಬುಟ್ಟು ಒಟ್ತೀನಿ. ಒಂದಲ್ಲ, ಆರು ಬುಡಬೇಕು ಇದ್ಕೆ."

ದಯಾನಂದ್ ಫೋನಿನಲ್ಲಿ ಏನೋ ಲೆಕ್ಕ ಹಾಕಿದ. ಗಂಡಿ ಬಿಟ್ಟರೆ ಅಷ್ಟು ಜಾಗ ಖಾಲಿ, ಅಷ್ಟು ಟನ್ನು ಕಡಿಮೆ. ಒತ್ತಾಗಿ ಒಟ್ಟಿ, ಮೇಲೆ ಟಾರ್ಪಾಲು ಹೊದಿಸಿ ಅಂದ. ದನಿ ಮೆತ್ತಗಿತ್ತು, ಕಾಳಣ್ಣ ಅಂತಲೇ ಹೇಳಿದ, ಒಂದು ಚಹಾ ಕೂಡ ತರಿಸಿಕೊಟ್ಟ. ಅವನಪ್ಪ ಮಹದೇವಪ್ಪ ಯಾವತ್ತೂ ಕಾಳನಿಗೆ ಚಹಾ ತರಿಸಿದವರಲ್ಲ, 'ಏನ್ಲಾ' ಬಿಟ್ಟು ಮಾತಾಡಿದವರಲ್ಲ. ಆದರೆ ಮೆದೆಯ ವಿಷಯದಲ್ಲಿ ಕಾಳನ ಮಾತು ಮೀರಿದವರೂ ಅಲ್ಲ.

ಕಾಳ ಚಹಾ ಕುಡಿದ. ಮಗಳ ನೀಲಿ ಕೋಟು ಕಣ್ಣಿಗೆ ಕಾಣುತ್ತಿತ್ತು. ಒಟ್ಟಿಸಿದ.

ಹತ್ತು ದಿನದಲ್ಲಿ ಎದ್ದ ಆ ಮೆದೆಯಂಥದ್ದನ್ನು ತಾಳವಾಡಿ ಸೀಮೆ ಕಂಡಿರಲಿಲ್ಲ. ಎರಡು ಮಾಳಿಗೆ ಎತ್ತರ, ಈ ತುದಿಯಿಂದ ಆ ತುದಿಗೆ ನೂರು ಹೆಜ್ಜೆ. ಪಡುವಣ ಮಗ್ಗುಲಿಗೆ, ಹತ್ತು ಮಾರು ದೂರದಲ್ಲಿ, ಸರೋಜಾಳ ಶೆಡ್ಡು. ಅದಕ್ಕೆ ಎರಡು ಬಾಗಿಲು. ಹಿಂದಿನದಕ್ಕೆ ಅಡ್ಡವಾಗಿ ಆಯ್ವಿಗೆ ತೋರಿಸುವ ಗುಳಿಗೆಯ ಮೂಟೆಗಳನ್ನು ಸೂರಿನವರೆಗೆ ಪೇರಿಸಿದ್ದರು. ಮುಂದಿನದು ಮೆದೆಗೇ ಎದುರಾಗಿತ್ತು. ಕೆಲಸ ಮುಗಿದ ದಿನವೇ ಕೂಲಿ ಕಾಳನ ಫೋನಿಗೆ ಬಂದು ಬಿತ್ತು. ಕಂಬಿ ಚುಚ್ಚಿ ಇನ್ನೂ ಒಂದು ದಿನ ಆಗಿರಲಿಲ್ಲ. ಟಿಂಗ್ ಅಂದ ಫೋನನ್ನು ಅವನು ಚೇಳು ಸಿಕ್ಕಿದವನಂತೆ ಹಿಡಿದುಕೊಂಡ.

"ವಾಪಸ್ ಕೊಡಂಗಿಲ್ವಾ ಕೂಸೇ? ಒಂಬತ್ ದಿನ ಆದ್ಮೇಲೆ ಆಕ್ಲಿ."

"ಅಪ್ಪೋ, ಅದು ಮೊರ ಅಲ್ಲ ವಾಪಸ್ ಕೊಡಾಕೆ," ಸರೋಜಾ ನಕ್ಕಳು.

ಅವನ ಮನಸ್ಸಿಗೆ ಅಂಟಿಕೊಂಡದ್ದು ಅದೇ. ತಣ್ಣಗಾಗದ ಮೆದೆಯ ಕೂಲಿ ಮುಟ್ಟಿಬಿಟ್ಟೆ.

ಒಂಬತ್ತನೆಯ ದಿನ ಕಂಬಿ ಬೆಚ್ಚಗೆ ಬಂತು. ಕರೆದ ಹಾಲಿನಷ್ಟು. ಹದಿಮೂರನೆಯ ದಿನ ಮಿಲ್ಲಿನ ನಾಯಿಗಳು ನಾಲ್ಕೂ ತಮ್ಮ ಜಾಗ ಬಿಟ್ಟು ಮೆದೆಯ ಮಗ್ಗುಲಿಗೆ ಒತ್ತಿಕೊಂಡು ಮಲಗತೊಡಗಿದವು. ಚಳಿ ಕಣಣ್ಣ, ಅವಕ್ಕೂ ಬೆಚ್ಚಗೆ ಬೇಕು ಅಂತ ಕಾವಲುಗಾರ ಹೇಳಿದ. ತನ್ನ ಕುರ್ಚಿಯನ್ನೂ ಅಲ್ಲಿಗೇ ಎಳೆದುಕೊಂಡಿದ್ದ. ಬೆಳಗ್ಗೆ ಊರಿನ ಎಲ್ಲ ಸೂರಿನ ಮೇಲೂ ಮಂಜು ಬಿಳಿಯಾಗಿ ಕೂತಿರುತ್ತಿತ್ತು, ಆ ಮೆದೆಯ ಟಾರ್ಪಾಲಿನ ಮೇಲೆ ಮಾತ್ರ ಒಂದು ಹನಿ ಇರುತ್ತಿರಲಿಲ್ಲ. ಹದಿನೇಳನೆಯ ದಿನ ಬೇಲಿಯಾಚೆ ಒಂಟಿ ಸಲಗದ ಹೆಜ್ಜೆ ಕಂಡವು. ಜೋಳದ ಕಡ್ಡಿಯ ವಾಸನೆಗೆ ಸೋಲಾರ್ ಬೇಲಿಯನ್ನೇ ಮರ ಕೆಡವಿ ಮುರಿಯುವ ಪ್ರಾಣಿ ಅದು. ಕಾಳ ಕುಕ್ಕರಗಾಲಲ್ಲಿ ಕೂತು ಹೆಜ್ಜೆ ಓದಿದ. ಬಂದಿದೆ, ಬೇಲಿಯ ಹತ್ತಿರ ಬಹಳ ಹೊತ್ತು ನಿಂತಿದೆ, ಹಿಂಗಾಲಲ್ಲೇ ಹಿಂದಕ್ಕೆ ಸರಿದು ಕಾಡಿನ ಕಡೆಗೆ ತಿರುಗಿದೆ. ತಿರುಗಿದ ಮೇಲೆ ಹೆಜ್ಜೆಗಳ ನಡುವಿನ ಅಂತರ ಉದ್ದವಾಗಿತ್ತು. ಓಡಿತ್ತು.

ಇಪ್ಪತ್ತನೆಯ ದಿನಕ್ಕೆ ವಾಸನೆ ಎದ್ದಿತು. ಆಲೆಮನೆಯಲ್ಲಿ ಪಾಕ ಹದಕ್ಕೆ ಬರುವ ಹೊತ್ತಿನ ಸಿಹಿ ವಾಸನೆ. ಶೆಡ್ಡಿನ ಹೆಂಗಸರು ಮೂಗರಳಿಸಿ, "ಯಾರ ಮನೇಲಿ ಬೆಲ್ಲ ಕಾಯಿಸ್ತಾವ್ರೆ?" ಅಂತ ನಕ್ಕರು. ಕಾಳ ಆ ದಿನ ಕಂಬಿ ಎಳೆದು ಕೆನ್ನೆಗೆ ಇಟ್ಟವನು ಥಟ್ಟನೆ ತೆಗೆದ. ಕೆನ್ನೆಯ ಮೇಲೆ ಬೆರಳಗಲ ಕೆಂಪು ಗೆರೆ ಎದ್ದಿತ್ತು.

ನೇರ ದಯಾನಂದನ ಕೋಣೆಗೆ ಹೋದ. "ಸಾರ್, ಒಳಗೆ ಕೆಂಪವ್ವ ಕುಂತವಳೆ."

ದಯಾನಂದನಿಗೆ ಅರ್ಥವಾಗಲಿಲ್ಲ ಅಂತಲ್ಲ; ಅವನೂ ಅದೇ ಊರಿನ ಕಣದಲ್ಲಿ ಆಡಿ ಬೆಳೆದವನು. ಮುಖ ಒಂದು ಗಳಿಗೆ ಬಣ್ಣಗೆಟ್ಟಿತು. ಆಮೇಲೆ ಕಾಗದ ತೆಗೆದು ತೋರಿಸಿದ. ತೇವ ನೋಡುವ ಮಿಷಿನ್ನಿನ ವರದಿ, ಹೊರಗಿನ ಬಿಸಿ ಅಳೆದ ವರದಿ, ಎಲ್ಲ ಸರಿಯಾಗಿದೆ. ಹೊರಗೆ ಅಳೆದರೆ ಸರಿಯಾಗಿಯೇ ಇರುತ್ತದೆ ಅಂತ ಕಾಳ ಅಂದ. "ಗುರುವಾರ ಆಯ್ವು ಮುಗೀಲಿ ಕಾಳಣ್ಣ. ಶುಕ್ರವಾರ ನೀವು ಹೇಳಿದ ಹಾಗೆ ಮಾಡೋಣ. ಈಗ ಮೆದೆ ಕೆಡವಿದರೆ ನಾನು ಏನು ತೋರಿಸಲಿ?" ದನಿಯಲ್ಲಿ ಬೇಡಿಕೆ ಇತ್ತು. ಅದು ಕಾಳನನ್ನು ಇನ್ನೂ ಹೆದರಿಸಿತು.

ಅವನು ಮಹದೇವಪ್ಪನವರ ಜಗಲಿಗೆ ಹೋಗಿ ಕೆಳಗೆ ನಿಂತು ಕೆನ್ನೆ ತೋರಿಸಿದ. ಅವರು ಏನೂ ಕೇಳದೆ ಚಪ್ಪಲಿ ಮೆಟ್ಟಿಕೊಂಡರು. ಮಿಲ್ಲಿಗೆ ಬಂದು, ಬಿಳಿ ಪಂಚೆಯ ಚುಂಗು ಹಿಡಿದು, ಕಂಬಿಯನ್ನು ತಾವೇ ಮುಟ್ಟಿ ನೋಡಿದರು. ವಿಭೂತಿ ಹಚ್ಚಿದ ಹಣೆ ಬೆವರಿತು. ಮಗನ ಕೋಣೆಗೆ ಹೋದವರು ಐದು ನಿಮಿಷಕ್ಕೆ ಹೊರಗೆ ಬಂದರು.

"ಏನಂದ್ರು ಬುದ್ಧಿ?"

"ನಿಮ್ಗೆ ಮೆದೆ ಗೊತ್ತು, ಪಾಲಿಸಿ ಗೊತ್ತಿಲ್ಲ ಅಂದ ಕಣ್ಲಾ." ಅವರು ಬಾಗಿಲ ಕಡೆ ನೋಡಿದರು. "ನಿನ್ ಮಗಳ ಕರಕೊಂಡು ಓಗ್ಲಾ. ನಾನ್ ನನ್ ಮಗನ ಕರಕೊಂಡು ಓಗಾಕೆ ಆಗ್ಲಿಲ್ಲ."

ಸರೋಜಾ ಒಪ್ಪಲಿಲ್ಲ. ಎರಡು ದಿನ ಮನೆಯಲ್ಲಿ ಅದೇ ಮಾತು. "ನಾನ್ ಓಗ್ದಿದ್ರೆ ಅವರು ಹನ್ನೆರಡು ಜನ ಓಗ್ತರೆ. ನಾನೇ ಸೇರಿಸ್ದವಳು. ಅವರ ಒಳಗೆ ಬುಟ್ಟು ನಾನ್ ಎಂಗ್ ಮನೇಲಿ ಕುಂತಿರ್ಲಿ? ಆಯ್ವಿನ ದಿನ ಮಿಲ್ಲು ನಿಂತ್ರೆ ಮುಚ್ತರೆ, ಮತ್ತೆ ತಿರುಪ್ಪೂರೇ ಗತಿ. ಸಾರ್ ಯೋಳವ್ರಲ್ಲಾ, ಶುಕ್ರವಾರ ಅಂತ."

"ಅದಕ್ಕೆ ಶುಕ್ರವಾರ ಗೊತ್ತಾ ಕೂಸೇ?"

"ಅಪ್ಪಾ, ನಿನಗೆ ನಿನ್ ಮೆದೆ ಒಳ್ಳೇದಾಗಿ ಬರ್ಲಿಲ್ಲ ಅಂತ ಸಂಕಟ. ಅಷ್ಟೆ."

ಅದು ನಿಜವೂ ಆಗಿತ್ತು. ದೊಡ್ಡಮಾದಮ್ಮ ಸೊಪ್ಪು ಸೋಸುತ್ತ, "ಆ ಆಪೀಸರಿಗೇ ಯೋಳು. ತಮಿಳಲ್ಲಿ ಯೋಳು. ಬಾಯ್ಬುಟ್ಟೇ ಯೋಳು, ಮೆದೆಗೆ ತಮಿಳು ಬರದಿಲ್ಲ," ಅಂದಳು. ಅವಳು ಹೇಳಿದ್ದಕ್ಕೆ ಮೂವರೂ ನಕ್ಕರು. ನಗು ಬೇಗ ನಿಂತಿತು.

ಗುರುವಾರ ಬೆಳಗ್ಗೆ ಹತ್ತು ಗಂಟೆಗೆ ಮೂರು ಕಾರು ಬಂದವು. ಮೂಡಣ ಗಾಳಿ ಎದ್ದಿತ್ತು; ತಮಿಳರ ಮಾಸಿ ತಿಂಗಳು ಹುಟ್ಟುವ ಹೊತ್ತಿನ ಒಣ ಗಾಳಿ. ಬೆಲ್ಲದ ವಾಸನೆ ಹೋಗಿ ಈಗ ಹೊಗೆಸೊಪ್ಪಿನ ಘಾಟು ಇತ್ತು. ನಾಯಿಗಳು ಮೆದೆ ಬಿಟ್ಟು ಗೇಟಿನ ಹತ್ತಿರ ನಿಂತಿದ್ದವು. ಬಂದವರಲ್ಲಿ ದೊಡ್ಡವರು, ಕನ್ನಡಕ ಹಾಕಿದ ಹೆಂಗಸು, ಮೆದೆಯನ್ನು ಸುತ್ತು ಹಾಕಿ ಬಂದು ಮೆಚ್ಚಿಕೊಂಡರು. ನಿಜವಾಗಿ ಒಳ್ಳೆಯವರ ಹಾಗೆ ಕಾಣುತ್ತಿದ್ದರು. ಕೂಲಿಯವರಿಗೆ ಕುಡಿಯುವ ನೀರು ಇದೆಯೇ ಅಂತ ಕೇಳಿದರು. ಆಮೇಲೆ, ತೇವ ಎಷ್ಟಿದೆ ನೋಡಬೇಕು, ಹೊರಗಿನದು ಬೇಡ, ಒಳಗಿನಿಂದ ಒಂದು ಕಂತೆ ತೆಗೆಸಿ ಅಂದರು.

ದಯಾನಂದ್ ಒಂದು ಗಳಿಗೆ ಕಾಳನ ಕಡೆ ನೋಡಿದ. ಕಾಳ ತಲೆ ಆಡಿಸಿದ, ಬೇಡ ಬೇಡ ಅಂತ. ದಯಾನಂದ್ ಜೆಸಿಬಿಯವನಿಗೆ ಕೈ ಮಾಡಿದ.

ಜೆಸಿಬಿ ಮೂಡಣ ಕಡೆಗೆ, ಗಾಳಿ ಬರುವ ಮಗ್ಗುಲಿಗೇ ಹೋಗಿ ನಿಂತಿತು. ಅಪ್ಪ ಹೇಳಿದ್ದ ಕೊನೆಯ ಮಾತು ಕಾಳನ ಕಿವಿಯಲ್ಲಿ ಎದ್ದಿತು. ಜ್ವರ ಬಂದ ಮೆದೆಯನ್ನು ಗಾಳಿಗೆ ಮುಖ ಮಾಡಿ ಬಿಚ್ಚಬೇಡ. ಮೇಲಿನಿಂದ ಬಿಚ್ಚು, ನೀರು ಹೊಯ್ದುಕೊಂಡು ಬಿಚ್ಚು, ಮಣ್ಣು ಎರಚಿಕೊಂಡು ಬಿಚ್ಚು. ಗಾಳಿಗೆ ಕಾದು ಕೂತವಳಿಗೆ ಗಾಳಿ ಕೊಡಬೇಡ. ಅವನು ಓಡಿ ಹೋಗಿ ಆ ಅಧಿಕಾರಿಯ ಮುಂದೆ ಕೈಮುಗಿದು, ಒಳಗೆ ಕೆಂಪವ್ವ ಇದ್ದಾಳೆ, ತೆರೆಯಬೇಡಿ ಅನ್ನುವುದನ್ನು ಬಾಯಿಬಿಟ್ಟು ತಮಿಳಿನಲ್ಲೇ ಹೇಳಿದ. "ಅಮ್ಮಾ, ಉಳ್ಳೆ ನೆರುಪ್ಪು ಇರುಕ್ಕು. ತಿರಕ್ಕಾದೀಂಗೊ."

ಅವರು ಹುಬ್ಬು ಗಂಟಿಕ್ಕಿ ದಯಾನಂದನ ಕಡೆ ತಿರುಗಿದರು. ದಯಾನಂದ್ ನಕ್ಕ. ಹಳೆಯ ಕಾಲದ ಮನುಷ್ಯ, ವರದಿಗಳೆಲ್ಲ ಇವೆ ಮೇಡಂ ಅಂತ ಅಂದ. ಅವರು ವರದಿ ಕೇಳಿದರು. ದಯಾನಂದ್ ಫೈಲು ಬಿಚ್ಚಿದ. ಅಷ್ಟರಲ್ಲಿ ಜೆಸಿಬಿಯ ಕೈ ಮೇಲಕ್ಕೆ ಎದ್ದಿತ್ತು.

ಕಾಳ ಅಲ್ಲಿ ನಿಲ್ಲಲಿಲ್ಲ. ಮೆದೆಯ ಸುತ್ತ ಓಡಿದ. ಅರವತ್ತು ದಾಟಿದ ಕಾಲು, ನೂರು ಹೆಜ್ಜೆಯ ಮೆದೆ, ತನ್ನ ಕೈಯಿಂದಲೇ ಒಟ್ಟಿದ್ದು, ಮುಗಿಯುತ್ತಲೇ ಇಲ್ಲ. ಶೆಡ್ಡಿನೊಳಗೆ ಮಿಷಿನ್ನಿನ ಮೊರೆತ. ಹೆಂಗಸರು ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಗ್ಗಿ ಕಡ್ಡಿ ಉಣಿಸುತ್ತಿದ್ದರು. ಯಾರಿಗೂ ಯಾರ ಮಾತೂ ಕೇಳುವ ಹಾಗಿರಲಿಲ್ಲ. ಕಾಳ ಗೋಡೆಯ ಹತ್ತಿರ ಹೋಗಿ ಎರಡೂ ಅಂಗೈಯಿಂದ ಆ ಕೆಂಪು ಗುಂಡಿಯನ್ನು ಒತ್ತಿದ.

ಇಡೀ ಮಿಲ್ಲು ನಿಂತಿತು. ಆ ಮೌನದಲ್ಲಿ ಹೊರಗೆ ಜೆಸಿಬಿ ಹುಲ್ಲು ಸೀಳುವ ಸದ್ದು ಮಾತ್ರ.

"ಅಪ್ಪಾ! ಏನ್ ಮಾಡ್ಬುಟ್ಟೆ ನೀನು! ಆಯ್ವು ನಡೀತಾ ಅದೆ..." ಸರೋಜಾ ಬಾಯಿಯ ಬಟ್ಟೆ ಕಿತ್ತು ಅವನ ಮೇಲೆ ಬಂದಳು.

ಕಾಳ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದ. ಹತ್ತು ಮಾರು ಹಿಂದೆ ಮೆದೆ. ತುಟಿ ಎರಡು ಸಲ ಬಿಚ್ಚಿತು, ಮಾತು ಬರಲಿಲ್ಲ. ಮೂರನೆಯ ಸಲ ಬಂತು. ಕೂಗಲಿಲ್ಲ, ಮನೆಯಲ್ಲಿ ನೀರು ಕೇಳುವಷ್ಟು ದನಿಯಲ್ಲಿ ಅಂದ.

"ಕೂಸೇ, ಬೆಂಕಿ."

ಸರೋಜಾ ಮೆದೆಯ ಕಡೆ ನೋಡಲಿಲ್ಲ. ಅಪ್ಪನ ಮುಖ ನೋಡಿದಳು. ಹುಟ್ಟಿದಾಗಿನಿಂದ ಆ ಬಾಯಿಂದ, ಮೆದೆಯ ಹತ್ತಿರ, ಆ ಮಾತು ಅವಳು ಕೇಳಿರಲಿಲ್ಲ. ಹೆಂಗಸರ ಕಡೆ ತಿರುಗಿದಳು.

"ಎಲ್ರೂ ಏಳ್ರಮ್ಮಿ. ಚಪ್ಲಿ ಬುಡಿ, ಬುತ್ತಿ ಬುಡಿ. ಬಡಗಲಾಗಿ ಗ್ವಾಡೆ ಮಗ್ಗುಲಿಗೆ ಓಡಿ. ನಿಲ್ಬ್ಯಾಡಿ!"

ಹನ್ನೆರಡು ಹೆಂಗಸರು ಅವನ ಪಕ್ಕದಿಂದ ಒಬ್ಬೊಬ್ಬರಾಗಿ ಹೊರಗೆ ಹಾದರು. ಅವನು ಎಣಿಸಿದ. ಹದಿಮೂರನೆಯವಳು ಸರೋಜಾ, ಅವನ ರಟ್ಟೆ ಹಿಡಿದು ಎಳೆದುಕೊಂಡೇ ಹೊರಬಿದ್ದಳು. ಗೋಡೆಯ ಮೂಲೆ ತಿರುಗುವ ಹೊತ್ತಿಗೆ ಹಿಂದೆ ಒಂದು ಸದ್ದು ಕೇಳಿತು. ಸಿಡಿದ ಸದ್ದಲ್ಲ. ಬಹಳ ಹೊತ್ತು ನೀರಿನೊಳಗಿದ್ದವನು ತಲೆ ಎತ್ತಿ ಉಸಿರು ಎಳೆದುಕೊಂಡಂಥ ಸದ್ದು. ಮೆದೆ ಗಾಳಿ ಕುಡಿಯಿತು. ಆಮೇಲೆ ಟಾರ್ಪಾಲು ನಡುವಿನಲ್ಲಿ ಉಬ್ಬಿ, ಕಪ್ಪಗಾಗಿ, ಹರಿಯಿತು.

ಜೆಸಿಬಿಯವನು ಹಾರಿಕೊಂಡ, ಕೈಯೆರಡು ಸುಟ್ಟವು, ಜೀವ ಉಳಿಯಿತು. ಮೂಡಣ ಗಾಳಿ ಉರಿಯನ್ನು ಎತ್ತಿ ಶೆಡ್ಡಿನ ಮೇಲೆ ಸುರಿಯಿತು. ಹೆಂಗಸರ ಚಪ್ಪಲಿಗಳು ಇದ್ದ ಜಾಗ ಮೊದಲು ಹೋಯಿತು. ಐದು ದಿನ ಉರಿಯಿತು ಅದು. ಮೂರು ಊರಿನ ದನದ ಬೇಸಿಗೆಯ ಮೇವು ಹೊಗೆಯಾಗಿ ಕಾಡಿನ ನೆತ್ತಿಯ ಮೇಲೆ ಹಾಸಿಕೊಂಡಿತ್ತು. ಹಾಸನೂರಿನ ರಸ್ತೆಯಲ್ಲಿ ಹೋಗುವವರು ಹಗಲಲ್ಲೇ ದೀಪ ಹಾಕಿಕೊಂಡರು.

ಆಮೇಲಿನದ್ದು ಬೇಗ ಹೇಳಿ ಮುಗಿಸಬಹುದು. ಕೂಲಿಯವರು ಎಸೆದ ಬೀಡಿ ತುಂಡಿನಿಂದ ಆದದ್ದು ಅಂತ ಮಿಲ್ಲಿನವರ ಕಾಗದದಲ್ಲಿ ಬರೆದರು. ಊರವರು ಬೇರೆ ಕಾರಣ ಹೇಳಿದರು. ಮೆದೆಕಾಳ ಮೆದೆಯ ಮುಂದೆ ನಿಂತು ಅವಳ ಹೆಸರು ಹಿಡಿದು ಕರೆದನಂತೆ, ಹನ್ನೆರಡು ಹೆಂಗಸರು ಕಿವಿಯಾರ ಕೇಳಿದ್ದಾರಂತೆ, ಕರೆದದ್ದಕ್ಕೆ ಬಂದಳು. ಜೀವ ಉಳಿದ ಆ ಹನ್ನೆರಡು ಹೆಂಗಸರಲ್ಲೇ ಇಬ್ಬರು ಕೂಡ ಹಾಗೆಯೇ ಹೇಳಿದರು. ಬಾವಿಕಟ್ಟೆಯಲ್ಲಿ ದೊಡ್ಡಮಾದಮ್ಮನ ಕೊಡದ ಹತ್ತಿರ ಯಾರೂ ಕೊಡ ಇಡಲಿಲ್ಲ. "ನನ್ ಕೊಡಕ್ಕೂ ಕೆಂಪವ್ವ ಬಂದವಳಾ?" ಅಂತ ಅವಳು ಕೇಳಿದ್ದಕ್ಕೆ ಯಾರೂ ನಗಲಿಲ್ಲ. ಮೇವಿಲ್ಲದೆ ದನಗಳನ್ನು ಲಾರಿಗೆ ಏರಿಸಿದರು. ದಿಂಬಂ ಘಾಟಿಯ ತಿರುವುಗಳಲ್ಲಿ ಅವುಗಳ ಕೂಗು ಇಳಿದು ಹೋಯಿತು. ಮಹದೇವಪ್ಪನವರು ಮಾತ್ರ ಒಂದು ದಿನ ಸೋಲಿಗರ ಹುಡುಗನ ಕೈಯಲ್ಲಿ ಒಂದು ಮೊರ ರಾಗಿ ಕಳಿಸಿದರು. ಯಾವ ಮೆದೆಗೆ ಅಂತ ಹೇಳಿ ಕಳಿಸಲಿಲ್ಲ. ಕಾಳ ಅದನ್ನು ಮುಟ್ಟಲಿಲ್ಲ, ವಾಪಸೂ ಕಳಿಸಲಿಲ್ಲ. ಮೂಲೆಯಲ್ಲಿ ಇಟ್ಟ.

ಸ್ಥಾವರಗಳು ಬೆರೆಸಬೇಕಾದ ಪಾಲು ಸುಟ್ಟುಹೋಗಿರಲಿಲ್ಲ. ಆ ವರ್ಷ ಇನ್ನಷ್ಟು ಏರಿತು. ಮಳೆಗಾಲ ಕಳೆಯುವಷ್ಟರಲ್ಲಿ ಹಳೆಯ ಬೂದಿಯ ಮೇಲೆ ಹೊಸ ಅಂಗಳ, ಹೊಸ ಶೆಡ್ಡು ಎದ್ದವು. ಗಡಿಯಾಚೆಯಿಂದ, ಕೊಳ್ಳೇಗಾಲದ ಕಡೆಯಿಂದ ಲಾರಿಗಳಲ್ಲಿ ಹುಲ್ಲು ಬಂತು. ಒಟ್ಟಿಸುವುದಕ್ಕೆ ಬೇರೆ ಕಡೆಯ ಆಳುಗಳು, ಅಳೆಯುವುದಕ್ಕೆ ಹೊಸ ಮಿಷಿನ್ನು. ಕಾಳನನ್ನು ಯಾರೂ ಕರೆಯಲಿಲ್ಲ. ಸರೋಜಾಳನ್ನು ಕರೆದರು. ಅವಳು ಒಂದು ವಾರ ಯೋಚಿಸಿ ಹೋದಳು, ಹೆಂಗಸರೂ ಹೋದರು. ಬೇರೆ ಎಲ್ಲಿಗೆ ಹೋಗಬೇಕು? ಹೋಗುವ ಮೊದಲ ದಿನ ಅವಳು ಬೂದಿಯಲ್ಲಿ ಸಿಕ್ಕಿದ್ದ, ಬಾಗಿದ್ದ ಅಪ್ಪನ ಕಂಬಿಯನ್ನು ಕಮ್ಮಾರನ ಹತ್ತಿರ ನೆಟ್ಟಗೆ ಮಾಡಿಸಿಕೊಂಡು ಬಂದಿದ್ದಳು. ಗುರುತಿನ ಚೀಟಿ ಕೊರಳಲ್ಲಿ, ಕಂಬಿ ಕೈಯಲ್ಲಿ.

ಹೊಸ ಮೆದೆ ಎದ್ದ ಒಂಬತ್ತನೆಯ ದಿನ ಬೆಳಗ್ಗೆ ಕಾಳ ಗೇಟಿನ ಹೊರಗೆ, ಬೇಲಿ ಹಿಡಿದು ನಿಂತಿದ್ದ. ಒಳಗೆ ಬಿಡುತ್ತಿರಲಿಲ್ಲ. ಮಂಜಿತ್ತು. ಊರಿನ ಸೂರುಗಳು ಬಿಳಿಯಾಗಿದ್ದವು, ಎದುರಿನ ಟಾರ್ಪಾಲು ಮಾತ್ರ ಮಂಜು ಕೂರದೆ ನೀಲಿಯಾಗಿಯೇ ಇತ್ತು. ಸರೋಜಾ ಕಂಬಿ ಎಳೆದಳು. ಸೆರಗಿನಿಂದ ಒರೆಸಿ ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು, ಅವನು ಮಾಡುತ್ತಿದ್ದ ಹಾಗೆಯೇ. ಕಾಳ ಬೇಲಿಯಾಚೆಯಿಂದ ಅವಳ ಮುಖವನ್ನೇ ನೋಡುತ್ತಿದ್ದ. ಕೇಳಬೇಕಾದ್ದೇನೂ ಇರಲಿಲ್ಲ.

ಅವಳು ಕಣ್ಣು ತೆರೆದು ದಯಾನಂದನ ಕೋಣೆಯ ಕಡೆ ತಿರುಗಿದಳು. ಮೆದೆಯಿಂದ ಆ ಬಾಗಿಲಿಗೆ ಇಪ್ಪತ್ತು ಹೆಜ್ಜೆಗೂ ಹೆಚ್ಚಿತ್ತು. ಅಷ್ಟು ದೂರ ಹೋಗುವವರೆಗೆ ಅವಳು ಕಾಯಲಿಲ್ಲ. ಮೆದೆಗೆ ಒಂದು ಕೈ ಇಟ್ಟುಕೊಂಡೇ, ಅಂಗಳದಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ, ಆ ಮಾತನ್ನು ಕೂಗಿ ಹೇಳಿದಳು.